ಬಾಗಿಲಿಲ್ಲದ ಗ್ಯಾರೇಜು

ಅಣ್ಣಾ, ಎದ್ದ ಕೂಡಲೇ ಇದನ್ನು ಓದು, ಹಲ್ಲುಜ್ಜೋದು ಆಮೇಲೆ.

ರಾತ್ರಿ ಪಾಳಿ ಮುಗಿಸಿ ಮಲಗಿದ್ದೀಯ ಅಂತ ಎಬ್ಬಿಸಲಿಲ್ಲ. ಬೆಳಿಗ್ಗೆ ಪರವಾನಗಿ ಕಚೇರಿಗೆ ಹೋಗಿದ್ದೆ. ನಮ್ಮ ಗ್ಯಾರೇಜಿನ ಅರ್ಜಿ ಯಾಕೆ ಪಾಸಾಗಿಲ್ಲ ಅಂತ ಗೊತ್ತಾಯ್ತು. ಗುಮಾಸ್ತರು ಕನ್ನಡಕ ಮೂಗಿನ ತುದಿಗೆ ಜಾರಿಸಿ, ನೀನು ಬರೆದ ನಕ್ಷೆಯನ್ನು ನನ್ನ ಕಡೆ ತಿರುಗಿಸಿ, "ಅಲ್ಲಮ್ಮಾ... ಕಾರೂ... ಒಳಗೆ ಹೆಂಗೆ ಹೋಗುತ್ತೇ?" ಅಂದ್ರು. ನೋಡ್ತೀನಿ, ನಾಲ್ಕೂ ಕಡೆ ಗೋಡೆ! ಕಿಟಕಿ ಇದೆ, ಚರಂಡಿ ಇದೆ, ಅಮ್ಮನ ನಿಂಬೆಗಿಡಕ್ಕೂ ಜಾಗ ಇದೆ, ಬಾಗಿಲೊಂದೇ ಇಲ್ಲ. ಅದನ್ನು ಅಪ್ಪ ಮೂರು ಸಲ ಪರಿಶೀಲಿಸಿ ಸಹಿ ಹಾಕಿದ್ದಾರೆ! ನಾನು, ಗುಮಾಸ್ತರು, ಪಕ್ಕದ ಮೇಜಿನವರು, ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು.

ನಕ್ಕ ಖುಷಿಗೆ ಇವತ್ತು ನಾಲ್ಕು ಗಂಟೆವರೆಗೆ ಫೈಲನ್ನು ಮೇಜಿನ ಮೇಲೇ ಇಟ್ಟಿರ್ತಾರಂತೆ. ತಪ್ಪಿದರೆ ಮತ್ತೆ ಮೊದಲಿಂದ ಅರ್ಜಿ, ಇನ್ನೂ ಮೂರು ತಿಂಗಳು. ನಕ್ಷೆ ವಾಪಸ್ ತಂದು ಊಟದ ಮೇಜಿನ ಮೇಲಿಟ್ಟಿದ್ದೀನಿ. ಬಾಗಿಲು ಬರಿ, ಅಳತೆ ಹಾಕು, ಪಕ್ಕದಲ್ಲೇ ಅಪ್ಪನ ಸಹಿ ಮಾಡಿಸು, ಕಚೇರಿಗೆ ಓಡು. ಸಹಿ ಹಾಕುವಾಗ ಅಪ್ಪನ ಮುಖ ನೋಡೋ ಭಾಗ್ಯ ನನಗಿಲ್ಲ, ಕಾಲೇಜಿನಲ್ಲಿ ಪರೀಕ್ಷೆ ಇದೆ. ಸರಿಯಾಗಿ ನೋಡ್ಕೊಂಡು, ಸಂಜೆ ನಾನು ಬಂದ ಮೇಲೆ ನಟಿಸಿ ತೋರಿಸು.

ಇನ್ನೊಂದು ಮಾತು. ಬಾಗಿಲು ರಸ್ತೆ ಕಡೆಗೇ ಇರಲಿ ಮಹರಾಯಾ. ನಿನಗೆ ಹೇಳದೆ ಬಿಟ್ಟರೆ ಕಾರು ಅಡುಗೆಮನೆ ಮೂಲಕ ಹೋಗಬೇಕಾದೀತು.