ಎರಡು ಕುಟುಂಬಗಳ ನಡುವೆ ಒಂದು ಹಾಳೆ

ಕರೀಮಣ್ಣಾ,

ನೀವು ಶಿಕಾರಿಪುರದಿಂದ ಮೊದಲ ಸಲ ನಮ್ಮ ಹೊಸಬಾಳೆಗೆ ಬಂದದ್ದು ಕಿಟಕಿ ಕೂರಿಸಲು. ಕೆಲಸ ಮುಗಿಸಿ ಹಿತ್ತಲು ನೋಡಿದವರೇ, "ಗಿರಿಜಮ್ಮ, ಕುಂಬಳದ ಹೂ ಇಷ್ಟೈತಿ, ಕಾಯೇ ಇಲ್ಲಲ್ರೀ. ಕಾಯಿ ಕಚ್ಚಾಕ ಜೇನುಹುಳ ಬೇಕ್ರೀ" ಎಂದು ನಕ್ಕಿರಿ. ಮುಂದಿನ ಸಲ ನೀವೇ ಮಾಡಿದ ಜೇನುಪೆಟ್ಟಿಗೆ ಹೊತ್ತು ತಂದಿರಿ. ಕುರಿ ಬಿಟ್ಟು ಬೇರೇನೂ ಸಾಕಿ ಗೊತ್ತಿಲ್ಲದ ನನಗೆ ಜೇನು ಸಾಕಲು ಕಲಿಸಿದಿರಿ. ಹುಳ ಕಚ್ಚಿ ನನ್ನ ಮೂಗು ಊದಿದಾಗ ನೀವು ನಕ್ಕದ್ದು... ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಒಮ್ಮೆ ಪೆಟ್ಟಿಗೆ ತೆರೆದಾಗ, "ಎಂಥ ಒಗ್ಗಟ್ಟು! ಮನುಷ್ಯರೂ ಹಿಂಗೇ ಇರ್ಬೇಕು" ಎಂದೆ. ನೀವು ತಲೆಯಾಡಿಸಿದಿರಿ. "ಬ್ಯಾಡ್ರೀ ತಾಯಿ. ವಾಸನೆ ಬ್ಯಾರೆ ಅಂದ್ರೆ ಬಾಗಿಲಲ್ಲೇ ಕಚ್ಚಿ ಎಳೀತಾವು. ಮೇವು ಕಮ್ಮಿ ಆದ್ರೆ ಗಂಡುಹುಳ ಹೊರಗೆ ಹಾಕ್ತಾವು. ಅದನ್ನೂ ಕಲೀತೀರೇನು?" ಆ ಮಾತು ಈಗ ಎಷ್ಟು ನೆನಪಾಗುತ್ತದೆ ಗೊತ್ತೇ?

ನೀವು ತೀರಿಹೋದ ಮೇಲೆ ಒಂದು ದಿನ ನಿಮ್ಮ ಮಗಳು ನಸೀಮಾ ಫೋನ್ ಮಾಡಿದಳು. "ಅಕ್ಕಾ, ಅಬ್ಬಾರ ಪೆಟ್ಟಿಗೇಲಿ ರಾಣಿಹುಳ ಇಲ್ಲ. ಮೊಟ್ಟೆನೂ ಇಲ್ಲ." ನೀವು ಸಾಕಿದ್ದರಲ್ಲಿ ಉಳಿದಿದ್ದ ಒಂದೇ ಜೇನು ಕುಟುಂಬ ಅದು. ರಾಣಿಯಿಲ್ಲದೆ ಎಷ್ಟು ಕಾಲ ಬಾಳೀತು? ನನ್ನ ಪೆಟ್ಟಿಗೆಯಲ್ಲಿ ರಾಣಿ ಇತ್ತು. "ಇಲ್ಲಿಗೆ ತಾ, ಸೇರಿಸಣ" ಎಂದೆ. ಸಂಜೆ ಅವಳು ಆಟೋದಲ್ಲಿ ಪೆಟ್ಟಿಗೆ ತಂದಳು.

ಮೈದುನ ಶೇಖರ ಹಿತ್ತಲ ಬಾಗಿಲಿಗೆ ಅಡ್ಡ ನಿಂತ. "ಅತ್ತಿಗೆ, ಕಾಲ ಮೊದಲಿನಂಗಿಲ್ಲ. ಅವ್ರ ಪೆಟ್ಟಿಗೆ ನಮ್ ಹಿತ್ತಲಲ್ಲಿ ಬ್ಯಾಡ. ಊರೋರು ಮಾತಾಡ್ತಿದಾರೆ."

ನಸೀಮಾ ತಲೆ ತಗ್ಗಿಸಿದಳು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

"ಹೋದ ವರ್ಷ ನಿನ್ನ ಬಳ್ಳೀಲಿ ಕುಂಬಳ ಜಗ್ಗಿದ್ವಲ್ಲ, ಆಗ ಯಾರ ಪೆಟ್ಟಿಗೆ ಹುಳ ಅಂತ ಕೇಳಿದ್ಯಾ?" ಎಂದೆ. "ಊರೋರಿಗೆ ಹೇಳು. ಪೆಟ್ಟಿಗೆ ಹೋದ್ರೆ ಅದರ ಹಿಂದೆ ನಾನೂ ಹೋಗ್ತೀನಿ. ನಿಮ್ಮ ಕುರಿ ನೀವೇ ಕಾಯ್ಕಳಿ."

ಅವನು ಬಾಗಿಲಿಂದ ಪಕ್ಕಕ್ಕೆ ಮಾತ್ರ ಸರಿದ.

ನೀವು ಕಲಿಸಿದಂತೆಯೇ ಮಾಡಿದೆವು. ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಲೊಂದು ನ್ಯೂಸ್ ಪೇಪರ್ ಹಾಸಿ, ಸೂಜಿಯಿಂದ ಚುಚ್ಚಿ, ಅದರ ಮೇಲೆ ತಳ ತೆಗೆದ ಪೆಟ್ಟಿಗೆ ಸಮೇತ ನಿಮ್ಮ ಕುಟುಂಬವನ್ನು ಕೂರಿಸಿದೆವು. ಆ ಹಾಳೆಯಲ್ಲಿ ಏನೇನು ವಿಷ ಅಚ್ಚಾಗಿತ್ತೋ, ನಾನು ಓದಲಿಲ್ಲ. ಆಮೇಲೆ ಪೆಟ್ಟಿಗೆಯ ಬಾಗಿಲ ಬಳಿ ಕಾಗದದ ಪುಡಿ ಬೀಳತೊಡಗಿತು. ಮೇಲಿನವು, ಕೆಳಗಿನವು, ಎರಡೂ ಕಡೆಯಿಂದ ಕಚ್ಚಿ ಕಚ್ಚಿ, ಅಷ್ಟರಲ್ಲಿ ವಾಸನೆ ಬೆರೆತು... ತೆರೆದು ನೋಡಿದರೆ ಸತ್ತ ಹುಳಗಳ ರಾಶಿ ಇರಲಿಲ್ಲ. ಒಂದೇ ಜೇನುತಟ್ಟಿನ ಮೇಲೆ ಎರಡೂ ಕುಟುಂಬದವು ಓಡಾಡುತ್ತಿದ್ದವು. ನಸೀಮಾ ನನ್ನ ಕೈ ಹಿಡಿದು ಅತ್ತಳು. ಮೂಸಿಯೇ ತಮ್ಮವರು ಯಾರೆಂದು ಅರಿಯುವ ಹುಳಕ್ಕೆ ಇಷ್ಟು ಸಾಧ್ಯವಾದರೆ, ಮಾತು ಬರುವ ನಮಗೇನು ಧಾಡಿ?

ಶೇಖರ ಇನ್ನೂ ಒಪ್ಪಿಲ್ಲ. ಒಪ್ಪಲಿ ಎಂದು ನಾನು ಕಾದೂ ಇಲ್ಲ.

ಬಡಗಿಯ ಉಳಿ ಹೆಣ್ಣುಮಕ್ಕಳ ಕೈಗಲ್ಲ ಎಂದು ನೀವು ನಸೀಮಾಗೆ ಕೊನೆಯವರೆಗೂ ಮುಟ್ಟಗೊಡಲಿಲ್ಲ, ಅಲ್ಲವೇ? ಈಗ ನಿಮ್ಮ ಅಂಗಡಿಯ ಬಾಗಿಲು ತೆಗೆಯುವವಳು ಅವಳೇ. ಅವಳು ಮಾಡಿದ ಜೇನುಪೆಟ್ಟಿಗೆಗಳನ್ನು ಕುಪ್ಪಗಡ್ಡೆಯ ಹೆಂಗಸರು ಒಯ್ದಿದ್ದಾರೆ. ಮೂಲೆಗಳು ನಿಮ್ಮದಕ್ಕಿಂತ ಬಿಗಿಯಾಗಿವೆ, ಸಿಟ್ಟಾಗಬೇಡಿ. ಊರಿನವರು ಪೆಟ್ಟಿಗೆ ತೆಗೆಸಲು ಬರುತ್ತಾರೇನೋ, ಬರಲಿ. ತೆಗೆ ಎಂದಾಗಲೆಲ್ಲ ಅವಳಿಂದ ಇನ್ನೊಂದು ಪೆಟ್ಟಿಗೆ ತಂದಿಡುತ್ತೇನೆ. ಹಿತ್ತಲು ದೊಡ್ಡದಿದೆ.

ನಿಮ್ಮ ಗಿರಿಜಮ್ಮ