ನಲವತ್ತೊಂದನೆಯ ಬಾವಿ

೩ ಜೂನ್ ೧೯೭೬, ಬೆಳಿಗ್ಗೆ

ಎಂದಿನಂತೆ ಸಿದ್ಧೇಶ್ವರ ಗುಡಿ ಹಿಂದಿನ ಚಹಾದಂಗಡಿಯಲ್ಲಿ ಮಹಾಸಭೆ. ಸದಸ್ಯರು ಇಬ್ಬರೇ — ಘನತೆವೆತ್ತ ಅಮೋಘಿ ಎಂಬ ನಾನು, ಗೆಳೆಯ ನಿಜಾಮುದ್ದೀನ. ವಿಷಯ: ಕಂಪ್ಯೂಟರ್ ಭಾಷೆಗಳಲ್ಲಿ ಫೋರ್ಟ್ರಾನ್ ಮೇಲೋ, ಪ್ಯಾಸ್ಕಲ್ ಮೇಲೋ. ತಿಕೋಟಾ, ಬಬಲೇಶ್ವರದ ನಲವತ್ತು ಬಾವಿಗಳಿಗೆ ಎಷ್ಟೆಷ್ಟು ಬ್ಲೀಚಿಂಗ್ ಪೌಡರ್ ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ನಿಜಾಮುದ್ದೀನ ಫೋರ್ಟ್ರಾನ್‌ನಲ್ಲಿ ಬರೆದಿದ್ದಾನೆ. ಪಟ್ಟಿ ಸರಿಬಂದರೆ ಗಣಿತದ ಹಣಮಂತರಾಯ ಸರ್ ಅವನನ್ನು ಪುಣೆಗೆ ತರಬೇತಿಗೆ ಕಳಿಸುತ್ತಾರೆ.

"ಫೋರ್ಟ್ರಾನ್‌ದಾಗ ನಲವತ್ತ ಖೋಲಿ ಕಟ್ಟಿದ್ವಿ ಅನ್ನು. ನಲವತ್ತೊಂದನೇದಾಂವ ಬಂದ್ರ ಸುಮ್ಮ ಬಾಜೂ ಖೋಲ್ಯಾಗ ಹೊಕ್ಕು ಕುಂದರ್ತಾನ. ಪ್ಯಾಸ್ಕಲ್ ಬಾಗಲದಾಗ ತಡೀತೈತಿ," ಎಂದ ಅವನು.

"ಮತ್ತ ಅದರಾಗ ಬರಿಯಲೇ."

"ಪುಣೆ ಮಷೀನಿಗೆ ಅದು ತಿಳಿಯಂಗಿಲ್ಲೋ. ಅದಕ್ಕ ಪ್ರೋಗ್ರಾಮ್ ತಪ್ಪಂಗಿಲ್ಲ ಅಂತ ಹಾಳಿ ಮ್ಯಾಲೆ ಸಾಧಿಸೇನಿ."

ಹನ್ನೊಂದು ಹಾಳೆ ಸಾಧನೆ! ತಪ್ಪಾಗಲು ಸಾಧ್ಯವೇ ಇಲ್ಲವಂತೆ...

೫ ಜೂನ್

ಬಾವಿಗಳನ್ನು ಎಣಿಸಿ, ಅಳತೆ ಬರೆದು ಪುಣೆಗೆ ರಜಿಸ್ಟರ್ ಪೋಸ್ಟ್ ಮಾಡುವ ಘನಕಾರ್ಯ ನನ್ನದು. ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕುಳಿತು ಕೊನೆಗೊಂದು ಸಾಲು ಸೇರಿಸಿದೆ. ಬಾವಿ ೪೧, ಆಳ ಮೂವತ್ತು ಅಡಿ. ಇಲ್ಲದ ಬಾವಿ. ಯಂತ್ರ ಅರಚಿಕೊಂಡಾಗ ನಿಜಾಮುದ್ದೀನ ಸಾಹೇಬರ ಮುಖ ನೋಡಬೇಕು. ಆಮೇಲೆ ಹೇಳಿದರಾಯಿತು.

೨೧ ಜೂನ್

ಪುಣೆಯಿಂದ ಪಟ್ಟಿ ಬಂತು. ನಲವತ್ತೇ ಸಾಲು. ನನ್ನ ಬಾವಿಯ ಸುಳಿವೇ ಇಲ್ಲ. ತಮಾಷೆ ಠುಸ್. ಹೇಳುವುದೇನು ಉಳಿಯಿತು — ಹೇಳಲಿಲ್ಲ.

೨ ಜುಲೈ

ಬಬಲೇಶ್ವರದ ಸೋನಾಬಾಯಿ ಎಂಬಾಕೆ ಬಾವಿ ನೀರಿನ ತಂಬಿಗೆ ಹಿಡಿದು ಕಾಲೇಜಿಗೇ ಬಂದಳು. "ಮೂಸಿ ನೋಡ್ರಿ ಯಪ್ಪಾ! ಎರಡ ದಿನಾತು, ನನ್ನ ಮೊಮ್ಮಗಳು ಕುಡದದ್ದೆಲ್ಲಾ ಕಾರಾಕತ್ತಾಳ."

ಅವರ ಬಾವಿ ಪಟ್ಟಿಯಲ್ಲಿ ಮೊದಲನೆಯದು. ನಿಜವಾದ ಅಗಲ ಹದಿನೈದು ಅಡಿ, ಪಟ್ಟಿಯಲ್ಲಿ ಮೂವತ್ತು. ಪೌಡರ್ ನಾಲ್ಕು ಪಟ್ಟು ಬಿದ್ದಿದೆ.

ಮೂವತ್ತು. ಆಳಗಳ ನಲವತ್ತು ಕೋಣೆ ಮುಗಿದಲ್ಲಿ ಅಗಲಗಳ ಮೊದಲ ಕೋಣೆ. ನನ್ನ ನಲವತ್ತೊಂದನೆಯವನು ಬಾಜೂ ಖೋಲಿಯಲ್ಲಿ ಹೊಕ್ಕು ಕುಳಿತಿದ್ದಾನೆ.

"ಎಲ್ಲೋ ನಾನ ತಪ್ಪೀನ್ರಿ ಸರ್," ಎಂದ ನಿಜಾಮುದ್ದೀನ. ಸರ್ ಪುಣೆಯ ತರಬೇತಿಯ ಪತ್ರ ಹರಿದುಹಾಕಿದರು. ಪಕ್ಕದಲ್ಲೇ ನಿಂತಿದ್ದೆ. ಕೆಮ್ಮಿದೆ, ಅಷ್ಟೇ.

೯ ಜುಲೈ

ಜೋರಾಪುರ ಪೇಟೆ, ನಿಜಾಮುದ್ದೀನನ ಮನೆ. ಹನ್ನೊಂದೂ ಹಾಳೆ ಮುಂದಿಟ್ಟ. "ಐದ ಸಲ ನೋಡೀನಿ, ತಪ್ಪು ಸಿಗವಲ್ದು. ನೀನರ ನೋಡೋ ದೋಸ್ತ."

ಮನೆಗೆ ತಂದು ಓದಿದೆ. ಎಲ್ಲ ಸಾಲಿಗೂ ಕಾರಣ ಕೊಟ್ಟಿದ್ದಾನೆ. ಮೊದಲನೆಯದಕ್ಕೆ ಮಾತ್ರ ಇಲ್ಲ, ಅದನ್ನು ನಂಬಿ ಮುಂದೆ ಹೋಗಿದ್ದಾನೆ — "ಬಾವಿಗಳು ನಲವತ್ತು. ಎಣಿಸುವವನು ಅಮೋಘಿ."

೧೦ ಜುಲೈ, ಬೆಳಿಗ್ಗೆ

ಚಹಾದಂಗಡಿ. ಅವನು ಇನ್ನೂ ಬಂದಿಲ್ಲ. ಹೇಳಬೇಕಾದದ್ದನ್ನು ಬರೆದಿಟ್ಟುಕೊಂಡೆ. "ಮಹಾಸಭೆಯ ಮುಂದೆ ಆರೋಪಿ ಅಮೋಘಿಯು..." ಛೇ. ಹೊಡೆದುಹಾಕಿದೆ. ಬರೀ ಇಷ್ಟು — ನಿಜಾಮುದ್ದೀನ, ಆವತ್ತ ಪೋಸ್ಟಿನ ಕಟ್ಟಿ ಮ್ಯಾಲೆ ಕುಂತು ನಾ... ಅಗೋ, ಬಂದ.