ಎತ್ತಲೇಬೇಕಾದ ಫೋನ್

ಮಾರ್ಚ್ 14, ಗುರುವಾರ

ಅಕ್ಕ ಇವತ್ತೂ ಫೋನ್ ಎತ್ತಲಿಲ್ಲ. ಮೊನ್ನೆ ಅಮ್ಮನನ್ನು ಆಪರೇಷನ್‌ಗೆ ಒಯ್ಯುವಾಗ ಅವಳು ನನಗೆ ಆರು ಸಲ ಕರೆ ಮಾಡಿದ್ದಳು. ನಾನು ನಮ್ಮ ದೇಶದ ಪರ ಮಾತುಕತೆಗೆ ಕೂತಿದ್ದೆ; ನನ್ನ ಫೋನ್ ಸಭೆಯ ಬಾಗಿಲ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು.

ಹನ್ನೊಂದು ದಿನ ಗುದ್ದಾಡಿ ಎರಡು ದೇಶ ಒಪ್ಪಿದ್ದು ಇಷ್ಟೇ: ಯಾರ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕನ್ನ ಬಿದ್ದರೂ ಇನ್ನೊಬ್ಬರು ತಕ್ಷಣ ಫೋನ್ ಎತ್ತಬೇಕು. ನಮ್ಮ ಕಡೆಯಿಂದ ಎತ್ತುವುದು ನನ್ನ ಕೆಲಸ. ಇವತ್ತು ಪರೀಕ್ಷೆಗೆಂದು ಫೋನ್ ಒಳಗೆ ಬಿಟ್ಟರು. ಇಷ್ಟು ದಿನ ನನ್ನ ಮುಖ ಕಂಡರಾಗದ ಆ ದೇಶದ ಕಡೆಯಿಂದ ಎತ್ತುವ ಮುದುಕ ಮೇಜಿನಾಚೆಯಿಂದಲೇ ಕರೆ ಮಾಡಿದ. ಎತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

"ರಾತ್ರಿ ಮೂರಕ್ಕೆ ಮಾಡಿದ್ರೂ ಎತ್ಬೇಕು, ನೋಡಿ," ಎಂದ ಮುದುಕ.

"ಎತ್ದೇ ಇರ್ತೀನಾ?" ಎಂದೆ, ನಾಚಿಕೆಯಿಲ್ಲದೆ.

ಈಗ ಅಕ್ಕನಿಗೆ ಮತ್ತೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಈ ಹೊತ್ತಿನಲ್ಲಿ ನನ್ನ ಕರೆ ಎತ್ತುವವನು ಆ ಮುದುಕನೊಬ್ಬನೇ. ಅವನಿಗೆ ಮಾಡಬೇಕೆಂದರೆ ಎಲ್ಲೋ ಒಂದು ಆಸ್ಪತ್ರೆಗೆ ಕನ್ನ ಬೀಳಬೇಕು.